ಕರೆಯೋಲೆ

ಕನ್ನಡದಲ್ಲಿ ಆಕಳ ಹಾಲು ತೆಗೆಯುವುದಕ್ಕೂ ‘ಕರೆಯುವುದು’ ಎನ್ನುತ್ತಾರೆ, ಮನುಷ್ಯರನ್ನು ಊಟಕ್ಕೆ ಕೂಗುವುದಕ್ಕೂ ‘ಕರೆಯುವುದು’ ಎನ್ನುತ್ತಾರೆ. ಒಂದೇ ಕ್ರಿಯಾಪದಕ್ಕೆ ಎರಡು ಕೆಲಸ. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುವರಿ ಪ್ರಭಾರ. ನಾನು ಹನ್ನೊಂದು ವರ್ಷ ಮೊದಲನೆಯ ಅರ್ಥದಲ್ಲಿ ಕರೆದೆ. ಎರಡನೆಯ ಅರ್ಥದಲ್ಲಿ ನನ್ನನ್ನು ಯಾರೂ ಕರೆಯಲಿಲ್ಲ.

ನಮ್ಮ ಮಸ್ಕಿ ಕಡೆ ‘ಹಿಂಡೋದು’ ಅಂತೀವಿ. ಅದೇ ಸರಿಯಾದ ಪದ ಎಂದು ಫಾರಂ ಸೇರಿದ ಮೇಲೆ ಗೊತ್ತಾಯಿತು. ಯಾರು ಯಾರನ್ನು ಹಿಂಡುತ್ತಾರೆ ಎಂಬುದನ್ನು ಆ ಪದ ಬಿಟ್ಟುಕೊಡುವುದಿಲ್ಲ.

ಫಾರಂ ಯಾವುದು ಎಂದು ಕೇಳಬೇಡಿ. ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಇಳಿಯಬಹುದಾದಷ್ಟು ದೂರ ಎಂದುಕೊಳ್ಳಿ. ಗೇಟಿನ ಬೋರ್ಡಿನ ಮೇಲೆ ‘ಬೋಧನೆ ಮತ್ತು ಸಂಶೋಧನೆ’ ಎಂದು ಬರೆದಿತ್ತು. ಬೋಧಿಸುವವರು ಹತ್ತು ಗಂಟೆಗೆ ಬರುತ್ತಿದ್ದರು, ಸಂಶೋಧಿಸುವವರು ಹನ್ನೊಂದಕ್ಕೆ. ಆಕಳಿಗೆ ಬೋರ್ಡು ಓದಲು ಬರುವುದಿಲ್ಲವಲ್ಲ, ಅದರ ಕೆಚ್ಚಲು ನಸುಕಿನ ನಾಲ್ಕಕ್ಕೇ ತುಂಬಿ ಬಿಗಿಯುತ್ತಿತ್ತು. ಆ ಹೊತ್ತಿಗೆ ಅಲ್ಲಿ ಇರುತ್ತಿದ್ದವರು ಆಕಳು, ಸೊಳ್ಳೆ ಮತ್ತು ನಾನು. ಮೂವರಲ್ಲಿ ಕಾಯಂ ಆದವರು ಇಬ್ಬರೇ.

ಆಕಳ ಕಿವಿಯಲ್ಲಿ ಹಳದಿ ಓಲೆ ಇತ್ತು. ಅದರ ಮೇಲೆ 12 ಅಂಕಿಯ ಗುರುತಿನ ಸಂಖ್ಯೆ. ಆ ಸಂಖ್ಯೆ ಒತ್ತಿದರೆ ಆಕಳ ತಾಯಿ ಯಾರು, ತಂದೆ ಯಾವ ಹೋರಿ, ಯಾವಾಗ ಕಾಲುಬಾಯಿ ಬೇನೆಯ ಲಸಿಕೆ ಬಿತ್ತು, ಎಷ್ಟನೆಯ ಸೂಲು, ಎಲ್ಲಾ ಬರುತ್ತದೆ. ನನ್ನ ದಾಖಲೆ ಕಾಂಟ್ರಾಕ್ಟರನ ನೋಟ್‌ಬುಕ್ಕಿನಲ್ಲಿತ್ತು. ಅದರಲ್ಲೂ ನಾನು ‘ಮಸ್ಕಿ ಹುಡುಗ’. ನಲವತ್ತು ದಾಟಿದ ಮೇಲೂ ಮಸ್ಕಿ ಹುಡುಗನೇ. ಆಕಳಿಗೆ ಓಲೆ ಇತ್ತು, ನನಗೆ ಕರೆಯೋಲೆಯೂ ಇರಲಿಲ್ಲ.

ಈಗ ಬೋಧನೆಯ ಮಾತಿಗೆ ಬರುತ್ತೇನೆ. ಪ್ರಾಕ್ಟಿಕಲ್ ದಿನ ಹದಿನೈದು ಮಂದಿ ಬಿಳಿ ಕೋಟು, ಗಂಬೂಟು ಹಾಕಿಕೊಂಡು 47ನೇ ನಂಬರಿನ ಗಂಗಿಯ ಸುತ್ತ ನಿಂತಿದ್ದಾರೆ. ಪ್ರೊಫೆಸರರು ವಿವರಿಸುತ್ತಿದ್ದಾರೆ: ಕೆಚ್ಚಲು ತೊಳೆದು ಒರೆಸಿದಾಗ ಮಿದುಳಿಗೆ ಸುದ್ದಿ ಮುಟ್ಟುತ್ತದೆ, ಆಕ್ಸಿಟೋಸಿನ್ ರಕ್ತಕ್ಕೆ ಸೇರುತ್ತದೆ, ಹಾಲು ಇಳಿಯುತ್ತದೆ. ಆದರೆ ಅದರ ಪ್ರಭಾವ ಐದಾರು ನಿಮಿಷವಷ್ಟೇ, ಅಷ್ಟರೊಳಗೆ ಕರೆದು ಮುಗಿಸಬೇಕು. ಇಷ್ಟನ್ನು ಹೇಳಲು ಅವರಿಗೆ ಹನ್ನೆರಡು ನಿಮಿಷ ಹಿಡಿಯಿತು. ನಾನು ಅವರ ಮೊದಲನೆಯ ವಾಕ್ಯಕ್ಕೇ ಕೆಚ್ಚಲು ತೊಳೆದು ಕುಂತಿದ್ದೆ.

“ಸಾರ್, ಆಕಿ ಹಾಲು ಏರಿಸಿಕೊಂಡ್ಳು” ಅಂದೆ.

“ನೋಟ್ ಮಾಡ್ಕೊಳ್ಳಿ” ಎಂದರು ಪ್ರೊಫೆಸರರು, ಹುಡುಗರ ಕಡೆ ತಿರುಗಿ. ಹದಿನೈದು ಪೆನ್ನುಗಳು ಬರೆದುಕೊಂಡವು.

ಆಮೇಲೆ ಒಬ್ಬ ಹುಡುಗಿ ಕುಂತಳು. ಹೆಬ್ಬೆರಳು, ತೋರುಬೆರಳಿನ ನಡುವೆ ಮೊಲೆ ಹಿಡಿದು ಹುಣಸೆಕಾಯಿ ಕಿತ್ತ ಹಾಗೆ ಎಳೆದಳು. ಗಂಗಿ ಹೆಂಡಿಯಲ್ಲಿ ಅದ್ದಿದ ಬಾಲದಿಂದ ಬಿಳಿ ಕೋಟಿನ ಮೇಲೆ ತನ್ನ ಷರಾ ಬರೆಯಿತು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಂತು, “ಎಳೀಬ್ಯಾಡವ್ವ, ಒತ್ತು. ಮ್ಯಾಲ ಎರಡು ಬೆರಳು ಮೊದ್ಲು ಮುಚ್ಚು, ಹಾಲು ವಾಪಸ್ ಮ್ಯಾಲ ಹೋಗದಂಗ. ಆಮ್ಯಾಲ ನಡುಬೆರಳು, ಉಂಗುರಬೆರಳು, ಕಿರುಬೆರಳು, ಒಂದರ ಹಿಂದ ಒಂದು” ಎಂದೆ. ನಾಲ್ಕು ಸಲ ಏನೂ ಬರಲಿಲ್ಲ. ಐದನೆಯದಕ್ಕೆ ಬಕೆಟ್ಟಿನ ತಳಕ್ಕೆ ‘ಟಣ್’ ಎಂದಿತು. ಹುಡುಗಿ ನಕ್ಕಳು. ತಳ ಮುಚ್ಚಿ ನೊರೆ ಏಳುವ ಹೊತ್ತಿಗೆ ಸದ್ದು ‘ಸೊರ್ರ್’ ಎಂದು ಬದಲಾಯಿತು. ಕೈ ಕೂತಿತು ಎಂಬುದಕ್ಕೆ ಅದೇ ಗುರುತು, ಯಾವ ಪುಸ್ತಕದಲ್ಲೂ ಇಲ್ಲ. ಪ್ರೊಫೆಸರರು ಹತ್ತಕ್ಕೆ ಎಂಟು ಅಂಕ ಹಾಕಿ ಸಹಿ ಮಾಡಿದರು. ಬೋಧಿಸಿದವರ ಹೆಸರಿನ ಜಾಗದಲ್ಲಿ ಅವರ ಹೆಸರು.

ಸ್ವಚ್ಛ ಹಾಲು ಉತ್ಪಾದನೆ ಎಂಬ ಪಾಠವೂ ಉಂಟು. ಹಾಲು ಕರೆಯುವವನು ಉಗುರು ಕತ್ತರಿಸಿರಬೇಕು, ತಲೆಗೆ ಟೊಪ್ಪಿಗೆ ಹಾಕಿರಬೇಕು, ಮುಖ್ಯವಾಗಿ ನಿರೋಗಿಯಾಗಿರಬೇಕು. ಒಳ್ಳೆಯ ಮಾತು. ಆಕಳುಗಳಿಗೆ ಬ್ರುಸೆಲ್ಲಾ ಇದೆಯೋ ಎಂದು ರಕ್ತ ತೆಗೆದು ನೋಡುತ್ತಿದ್ದರು. ಆ ರೋಗ ದನದಿಂದ ಮನುಷ್ಯನಿಗೂ ಹತ್ತುತ್ತದೆ, ಜ್ವರ ಅಲೆಅಲೆಯಾಗಿ ಬಂದು ಹೋಗಿ ಕೀಲುಗಳನ್ನು ಹಿಂಡುತ್ತದೆ ಎಂದು ಅದೇ ಪ್ರೊಫೆಸರರು ಪಾಠ ಮಾಡುವಾಗ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದೇನೆ. ನಮ್ಮ ರಕ್ತವನ್ನು ಮಾತ್ರ ಯಾರೂ ಪರೀಕ್ಷೆಗೆ ತೆಗೆಯಲಿಲ್ಲ. ಬೇರೆ ರೀತಿಯಲ್ಲಿ ತೆಗೆಯುತ್ತಿದ್ದರು ಎಂಬುದು ಬೇರೆ ಮಾತು.

ಇನ್ನು ರಜೆ. ಆಕಳು ಈಯುವುದಕ್ಕೆ 60 ದಿನ ಮುಂಚೆ ಅದರ ಹಾಲು ಬತ್ತಿಸಬೇಕು, ಕೆಚ್ಚಲಿಗೆ ವಿಶ್ರಾಂತಿ ಕೊಡಬೇಕು, ಮೇವು ಹಿಂಡಿ ಮಾತ್ರ ನಿಲ್ಲಿಸಬಾರದು. ಅಂದರೆ ಊಟ ಸಮೇತ ಎರಡು ತಿಂಗಳ ಹೆರಿಗೆ ರಜೆ. ನಮಗೂ ವಿಶ್ರಾಂತಿ ಇತ್ತು, ಅದಕ್ಕೆ ‘ಬ್ರೇಕ್’ ಎನ್ನುತ್ತಿದ್ದರು. ಮೂರು ತಿಂಗಳು ತುಂಬುವುದಕ್ಕೆ ಒಂದು ದಿನ ಮೊದಲು ಹಾಜರಿಯಿಂದ ಹೆಸರು ತೆಗೆದು, ಒಂದು ದಿನ ಬಿಟ್ಟು ಮತ್ತೆ ಸೇರಿಸುತ್ತಿದ್ದರು. ಆ ಒಂದು ದಿನವೂ ಗಂಗಿಯ ಕೆಚ್ಚಲು ತುಂಬುತ್ತಿತ್ತಲ್ಲ, ಹಾಗಾಗಿ ಹಾಜರಿ ಇಲ್ಲದೆ ಹೋಗಿ ಹಿಂಡಿ ಬರುತ್ತಿದ್ದೆ.

ಒಮ್ಮೆ ಧೈರ್ಯ ಮಾಡಿ ಕಚೇರಿಗೆ ಹೋಗಿ, “ಸಾಹೇಬ್ರ, ನಮ್ಮನ್ನ ಕಾಯಂ ಮಾಡೋದು...” ಎಂದೆ. ಗುಮಾಸ್ತರು ತಲೆ ಎತ್ತದೆ, “ಉಮಾದೇವಿ ಅದಾಳಲ್ಲಪ್ಪ, ಆಗಂಗಿಲ್ಲ” ಎಂದರು. ಯಾರೋ ಹೊಸ ಮೇಡಂ ಇರಬೇಕು, ಒಳ್ಳೆ ಮಾತಿನಲ್ಲಿ ಕೇಳಿದರೆ ಕೊಟ್ಟಾರು ಎಂದು ಊರಿಂದ ಬರುವಾಗ ಒಂದು ಸೇರು ಶೇಂಗಾ ಕಟ್ಟಿಸಿಕೊಂಡು ಬಂದು ಎರಡು ತಿಂಗಳು ಹುಡುಕಿದೆ. ಕೊನೆಗೆ ಒಬ್ಬ ಪಿಎಚ್‌ಡಿ ಹುಡುಗ ಹೊಟ್ಟೆ ಹಿಡಿದು ನಕ್ಕು ಹೇಳಿದ: ಕರ್ನಾಟಕ ಸರ್ಕಾರ ಮತ್ತು ಉಮಾದೇವಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 10 ಏಪ್ರಿಲ್ 2006. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಕೇಸು. ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕಿಲ್ಲ ಎಂದು ತೀರ್ಪು. ನನಗೆ ಒಪ್ಪಿಗೆಯಾಯಿತು. ಆಕಳ ಬಳಿಗೆ ಹಿಂಬಾಗಿಲಿನಿಂದ ಹೋದರೆ ಒದೆ ಬೀಳುತ್ತದೆ ಎಂದು ನಾನೇ ಹುಡುಗರಿಗೆ ಹೇಳಿಕೊಡುತ್ತಿದ್ದೆನಲ್ಲ. ಶೇಂಗಾ ಆ ಹುಡುಗನೇ ತಿಂದ.

ಅವನ ಸಂಶೋಧನೆ ಕೈ ಹಿಂಡಿಕೆ ಮತ್ತು ಯಂತ್ರ ಹಿಂಡಿಕೆಯ ಹೋಲಿಕೆ. ಪ್ರಬಂಧದಲ್ಲಿ ಯಂತ್ರ ಟಿ-2, ನಾನು ಟಿ-1. ಕರೆಂಟು ಹೋದ ದಿನ ಟಿ-2 ನಿಂತುಬಿಡುತ್ತಿತ್ತು, ಆಗ ಟಿ-2ರ ಆಕಳನ್ನೂ ಟಿ-1 ಹಿಂಡಬೇಕಾಗುತ್ತಿತ್ತು. ಆದರೂ ಕೊನೆಗೆ ಟಿ-2 ಗೆದ್ದಿತು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರು, ತಂದೆತಾಯಿ, ಮನೆದೇವರು, ಬೈಂಡಿಂಗ್ ಅಂಗಡಿಯವರು ಎಲ್ಲರೂ ಇದ್ದಾರೆ. ‘ಮೂಕಪ್ರಾಣಿಗಳಿಗೂ ವಂದನೆ’ ಎಂದು ಕೊನೆಯ ಸಾಲು. ಅದರಲ್ಲಿ ನಾನೂ ಸೇರಿದ್ದೇನೆಂದು ಇವತ್ತಿಗೂ ಸಮಾಧಾನ ಮಾಡಿಕೊಳ್ಳುತ್ತೇನೆ.

ಇದೇನು ಈಗಿನ ರೂಢಿಯಲ್ಲ. ಬೆಂಗಳೂರಿನಲ್ಲಿ 1923ರಲ್ಲಿ ಬ್ರಿಟಿಷರು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ತೆಗೆದರು. ಅದೇ ಆಮೇಲೆ 1955ರಲ್ಲಿ ಕರ್ನಾಲಿಗೆ ಹೋಯಿತು, ಆಡುಗೋಡಿಯಲ್ಲಿ ಅದರ ಶಾಖೆ ಉಳಿಯಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿ ಕೆಲವು ದಿನ ಹೈನಿನ ಕೆಲಸ ಕಲಿತರು. ಕುಡಿಯುತ್ತಿದ್ದುದು ಆಡಿನ ಹಾಲು, ಕಲಿತದ್ದು ಆಕಳ ಬಳಿ. ಅದು ನೂರು ವರ್ಷವಾಗುತ್ತ ಬಂದರೂ ಎಲ್ಲರಿಗೂ ನೆನಪಿದೆ. ಅಲ್ಲಿದ್ದ ಜಿಲ್ ಎಂಬ ಮಿಶ್ರತಳಿ ಆಕಳೂ ನೆನಪಿದೆ: ಐರ್‌ಷೈರ್ ಮತ್ತು ಹರಿಯಾಣ ತಳಿಯ ಮಗಳು, ಜೀವಮಾನದಲ್ಲಿ ಕೊಟ್ಟ ಹಾಲು ಒಂದೂವರೆ ಲಕ್ಷ ಪೌಂಡಿಗೂ ಮಿಕ್ಕಿ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 70 ಸಾವಿರ ಕಿಲೋ. ಅಷ್ಟು ಹಾಲು ತಾನಾಗಿ ಬಕೆಟ್ಟಿಗೆ ಹಾರಿತೆಂದು ಕಾಣುತ್ತದೆ.

ಊರಿಗೆ ಬಂದಾಗ ಮಸ್ಕಿಯ ಗುಡ್ಡ ಹತ್ತಿ ಅಶೋಕನ ಶಾಸನದ ಮುಂದೆ ಕೂರುತ್ತಿದ್ದೆ. 1915ರಲ್ಲಿ ಬೀಡನ್ ಎಂಬ ಬಂಗಾರದ ಗಣಿ ಎಂಜಿನಿಯರಿಗೆ ಸಿಕ್ಕ ಬಂಡೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಬಂಡೆ ಎಂದು ನಮಗೆಲ್ಲ ಜಂಬ. ಚಿತ್ರದುರ್ಗದ ಕಡೆಯ ಬ್ರಹ್ಮಗಿರಿ ಶಾಸನದಲ್ಲಿ ಬರೆದವನು ತನ್ನ ಹೆಸರು ‘ಚಪಡ’ ಎಂದು ಕೊನೆಗೆ ಸೇರಿಸಿಬಿಟ್ಟಿದ್ದಾನೆ, ತಾನು ಲಿಪಿಕಾರ ಎಂಬುದನ್ನಂತೂ ಬೇರೆ ಲಿಪಿಯಲ್ಲಿ. ಮಸ್ಕಿಯಲ್ಲಿ ಸಾಹೇಬರ ಹೆಸರು ಮಾತ್ರ ಇದೆ. ಇಲ್ಲಿ ಕೆತ್ತಿದವನು ಹೊರಗುತ್ತಿಗೆಯವನಿರಬೇಕು.

ಈಗ ಫಾರಂ ಬಿಟ್ಟು ಸಿಂಧನೂರಿನ ಹತ್ತಿರ ಒಂದು ಕ್ಯಾಂಪಿನಲ್ಲಿದ್ದೇನೆ. ಎರಡು ಎಮ್ಮೆ, ಒಂದು ಜರ್ಸಿ. ತುಂಗಭದ್ರಾ ಎಡದಂಡೆ ನಾಲೆಯ ಪುಣ್ಯದಿಂದ ಭತ್ತದ ಹುಲ್ಲಿಗೆ ಬರವಿಲ್ಲ. ಮೊನ್ನೆ ಒಂದು ತರಬೇತಿಯಲ್ಲಿ, 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ 21 ದಿನ ಮುಚ್ಚಿಡಿ, ಪೌಷ್ಟಿಕವಾಗುತ್ತದೆ ಎಂದರು. ವಿದ್ಯೆ ಸರಿಯಾಗಿಯೇ ಇದೆ. ಆದರೆ ಆ ಹೊತ್ತಿನಲ್ಲಿ ಅರ್ಧ ಕ್ಯಾಂಪು ಸೊಸೈಟಿ ಮುಂದೆ ಯೂರಿಯಾಕ್ಕಾಗಿ ಚಪ್ಪಲಿ ಸಾಲಿಗಿಟ್ಟು ಕುಂತಿತ್ತು.

ಕಳೆದ ತಿಂಗಳು ಜರ್ಸಿಗೆ ಕೆಚ್ಚಲು ಬಾವು ಬಂತು. ಪಶು ಆಸ್ಪತ್ರೆಯಿಂದ ಹೊಸ ಡಾಕ್ಟರಮ್ಮ ಬಂದರು. ಪ್ರತಿ ಮೊಲೆಯಿಂದ ಎರಡೆರಡು ಧಾರೆ ಪ್ಲೇಟಿಗೆ ಹಿಂಡಿ ಎಂದರು. ಹಿಂಡಿದೆ. ಅವರು ಪ್ಲೇಟು ನೋಡುವುದು ಬಿಟ್ಟು ನನ್ನ ಮುಷ್ಟಿ ನೋಡುತ್ತಿದ್ದರು.

“ಕೈ ಭಾಳ ಚಲೋ ಐತಲ್ರಿ. ಎಲ್ಲಿ ಕಲಿತ್ರಿ?”

ಹೇಳಿದೆ.

“ಅಯ್ಯ, ನಮ್ಮ ಕಾಲೇಜ್ ರೀ ಅದು!” ಎಂದು ಖುಷಿಯಾದರು. “ಯಾವ ಬ್ಯಾಚು?”

“ಹನ್ನೊಂದು ಬ್ಯಾಚು ರೀ” ಅಂದೆ.