ಮೂರನೇ ಮಹಡಿಯ ಕರಿಯ: ಒಂದು ಕಾಲ್ಪನಿಕ ಸಂದರ್ಶನ

ಬೆಳೆದ ನಾಯಿಗೆ ಶೌಚದ ಶಿಸ್ತು ಕಲಿಸುವುದು ಮರಿಗೆ ಕಲಿಸುವುದಕ್ಕಿಂತ ಒಂದು ಲೆಕ್ಕದಲ್ಲಿ ಸುಲಭ. ಮರಿಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆರೋಗ್ಯವಂತ ದೊಡ್ಡ ನಾಯಿ ಆರೆಂಟು ಗಂಟೆ ತಡೆಯಬಲ್ಲದು. ಈ ಕುರಿತು ಮಾತಾಡಲು ಒಪ್ಪಿದವನು ಕರಿಯ: ವಯಸ್ಸು ನಾಲ್ಕು, ತಳಿ ಬೀದಿ, ಸದ್ಯದ ವಿಳಾಸ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ.

ಮೊದಲ ಪ್ರಶ್ನೆ ಸುಪ್ರೀಂ ಕೋರ್ಟಿನ ಕುರಿತು. ದಿಲ್ಲಿಯ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಿ ಎಂದು 2025ರ ಆಗಸ್ಟ್ 11ರಂದು ಆದೇಶವಾಯಿತು; 22ರಂದು ಅದು ಬದಲಾಯಿತು. ಸಮುದಾಯದ ನಿಲುವೇನು?

“ಫಿನಾಯಿಲ್” ಎಂದ ಕರಿಯ.

ಬೀದಿನಾಯಿಗಳಿಗೆ ಚಿಕನ್ ಅನ್ನ ಹಾಕುವ ಬೆಂಗಳೂರು ಪಾಲಿಕೆಯ ಯೋಜನೆ? ಕರಿಯ ಒಮ್ಮೆ ನಾಲಿಗೆ ಚಾಚಿ, ಮತ್ತೆ ಫಿನಾಯಿಲಿಗೇ ಬಂದ. ಫಿನಾಯಿಲ್ ಸುರಿದರೆ ಮನುಷ್ಯರ ಮೂಗಿಗೆ ಮಾತ್ರ ಜಾಗ ಶುದ್ಧ. ಅಡಿಯಲ್ಲಿರುವ ಮೂತ್ರದ ವಾಸನೆ ನಾಯಿಗೆ ಸ್ಪಷ್ಟ. ವಾಸನೆ ಇದ್ದಲ್ಲಿಗೇ ನಾಯಿ ಮತ್ತೆ ಹೋಗುತ್ತದೆ. ಕಿಣ್ವವಿರುವ ದ್ರಾವಣದಿಂದ ಒರೆಸಿದರೆ ಆ ವಾಸನೆ ಬೇರುಸಹಿತ ಹೋಗುತ್ತದೆ. “ನಮ್ಮಮ್ಮನಿಗೆ ಇದನ್ನು ಯಾರಾದರೂ ಹೇಳಿ ಸ್ವಾಮಿ. ದಿನಾ ಸೀನಿ ಸೀನಿ ಸಾಕಾಗಿದೆ.”

ಪಾಠದ ಕ್ರಮ ಹೀಗೆ: ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮುನ್ನ, ಅದೇ ಹೊತ್ತಿಗೆ ಅದೇ ಜಾಗಕ್ಕೆ ಕರೆದೊಯ್ಯಬೇಕು. ಕೆಲಸ ಮುಗಿದ ಕ್ಷಣದಲ್ಲೇ ತಿಂಡಿ ಕೊಡಬೇಕು. ಮನೆಗೆ ಬಂದಮೇಲೆ ಕೊಟ್ಟ ಬಿಸ್ಕತ್ತು ಮನೆಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಮಣ್ಣಿಗೆ ಒಗ್ಗಿದ ನಾಯಿಗೆ ಮೊದಮೊದಲು ಮಣ್ಣನ್ನೇ ತೋರಿಸಬೇಕು. ಕಲಿಯುವವರೆಗೆ ಅದು ಕಣ್ಣಳತೆಯಲ್ಲೇ ಇರಬೇಕು.

ಇಷ್ಟರಲ್ಲಿ ಸಂದರ್ಶಕರು ತಮ್ಮದೇ ವಿಷಯ ಹಿಡಿದಿದ್ದರು. ಫ್ಲೈಓವರ್ ಕಂಬದ ಬುಡದಲ್ಲಿ ನಿಂತೇ ಮುಗಿಸುವ ಗಂಡಸರಿಗೆ ಈ ಪದ್ಧತಿ ಅನ್ವಯಿಸುವುದೇ? ವಿಷಯ ನಾಯಿಯದು ಎಂದು ಕರಿಯ ನೆನಪಿಸಿದ. ಕಾಂಪೌಂಡಿಗೆ ಸಾಲಾಗಿ ದೇವರ ಟೈಲ್ಸ್ ಅಂಟಿಸಿದರೂ ಎರಡಡಿ ಆಚೆ ನಿಲ್ಲುವವರಿಗೆ ಏನು ಮಾಡಬೇಕು?

“ಅದು ಗಡಿ ಗುರುತಿರಬೇಕು. ನಮ್ಮ ಗಂಡುಗಳಲ್ಲೂ ಇದೆ. ಸಂತಾನಶಕ್ತಿಹರಣ ಮಾಡಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.”

ಸಂದರ್ಶಕರು ಇದನ್ನು ಎರಡು ಸಲ ಬರೆದುಕೊಂಡರು.

ಶಿಕ್ಷೆಯ ಪ್ರಶ್ನೆ ಬಂದಾಗ ಕರಿಯ ಎದ್ದು ನಿಂತ. ಮೂತಿಯನ್ನು ಉಚ್ಚೆಗೆ ಒತ್ತಿ ಉಜ್ಜುವುದು ಇಂದಿಗೂ ಅನೇಕ ಮನೆಗಳ ಪಾಠ. ಅದರಿಂದ ನಾಯಿ ಕಲಿಯುವುದು ಒಂದನ್ನೇ: ಈ ಮನುಷ್ಯನ ಎದುರು ಮಾಡಬಾರದು. ಆಮೇಲೆ ಅದು ಸೋಫಾದ ಹಿಂದೆ ಮಾಡುತ್ತದೆ, ಹೊರಗೆ ಅವನೆದುರು ಮಾಡುವುದಕ್ಕೂ ಹೆದರುತ್ತದೆ. “ಇದು ಕಲಿಯೋದಿಲ್ಲ” ಎಂಬ ತೀರ್ಪಿನೊಂದಿಗೆ ಕೊನೆಗೆ ಕಾರಿನಲ್ಲಿ ಕೂರಿಸಿ ರಿಂಗ್ ರೋಡಿನಾಚೆ ಇಳಿಸಲಾಗುತ್ತದೆ. ಅನ್ನ ಹಾಕಿದ ಕೈಯನ್ನು ನಂಬಿದ ಪ್ರಾಣಿ ಆ ಕಾರಿನ ಹಿಂದೆ ಓಡುತ್ತದೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅಷ್ಟಕ್ಕೆ ಒಂದು ಬಾಟಲಿ ಫಿನಾಯಿಲೂ ಕಷ್ಟ. ಕಾನೂನು ಬರೆದವರಿಗೆ, ಅದನ್ನು ಇಂದಿಗೂ ಹಾಗೇ ಬಿಟ್ಟವರಿಗೆ ನಾಚಿಕೆಯಾಗಬೇಕು.

ಉಳಿದದ್ದು ಒಂದು ಮಾತು. ಶಿಸ್ತು ಕಲಿತ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಅದು ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆಯ ಸೂಚನೆ ಇರಬಹುದು. ಕೋಲು ಕೆಳಗಿಟ್ಟು ಮೊದಲು ಪಶುವೈದ್ಯರ ಬಳಿ ಕರೆದೊಯ್ಯಿರಿ.