ಚೀಟಿ ರಾಯರು

ಟೋಕಿಯೋದ ನಿಶಿಕಸಾಯ್ ಕಡೆ ನಮ್ಮ ಸಾಫ್ಟ್‌ವೇರ್ ಮಂದಿ ಜಾಸ್ತಿ. ಅಲ್ಲಿ ನಾಲ್ಕು ಕನ್ನಡ ಸಂಸಾರಗಳಿದ್ದರೆ ಅದರಲ್ಲೊಬ್ಬರು ಚೀಟಿ ರಾಯರು ಇದ್ದೇ ಇರುತ್ತಾರೆ. ಅವರ ಮನೆಯಲ್ಲಿ ಚೀಟಿ ಅಂಟದ ವಸ್ತುವಿಲ್ಲ. ಮೇಲೆ ಜಪಾನಿ ಲಿಪಿ, ಕೆಳಗೆ ಮನೆಯವರ ಅನುಕೂಲಕ್ಕೆ ಕನ್ನಡ ಉಚ್ಚಾರ. ಕುರ್ಚಿಯ ಬೆನ್ನಿಗೆ ‘ಇಸು’, ಪೊರಕೆಗೆ ‘ಹೋಕಿ’, ಕೊಡೆಗೆ ‘ಕಸ’. ಊರಿಂದ ಬಂದ ತಾಯಿ ಈ ಕೊನೆಯದನ್ನು ಓದಿ, ಮಗ ಹೇಳಿದಂತೆಯೇ ಆಗಲೆಂದು ಹೊಸ ಕೊಡೆಯನ್ನು ಕಸದ ಜಾಗದಲ್ಲಿ ಇಟ್ಟು ಬಂದರು.

ಸ್ಪೂನಿಗೆ ‘ಸುಪೂನ್’, ಟೇಬಲ್ಲಿಗೆ ‘ತೇಬುರು’ ಎನ್ನುವಂಥ ಪದಗಳೆಂದರೆ ರಾಯರಿಗೆ ತಾತ್ಸಾರ. ಬೆವರಿಳಿಯದೆ ಬಂದದ್ದೂ ಒಂದು ವಿದ್ಯೆಯೆ? ಅವರ ಅಭಿಮಾನವೆಲ್ಲ ‘ರೇಜೋಕೊ’ ಮೇಲೆ. ಅಂದರೆ ಫ್ರಿಜ್ಜು. ಮೂರು ಅಕ್ಷರ, ಒಟ್ಟು 32 ಗೀಟು. ಬಂದವರಿಗೆ ಕಾಫಿಗೆ ಮುಂಚೆ ಅದನ್ನು ಬರೆದು ತೋರಿಸುತ್ತಾರೆ. ಆಮೇಲೆ ಉಪನ್ಯಾಸ: “ನಮ್ಮ ಹಾಗೇ ಇವರಲ್ಲೂ ಕ್ರಿಯಾಪದ ಕೊನೆಗೇ ಬರೋದು. ಕನ್ನಡದವರಿಗೆ ಜಪಾನಿ ನೀರು ಕುಡಿದಷ್ಟು ಸಲೀಸು!”

ಒಂದು ದಿನ ಆ ಫ್ರಿಜ್ಜೇ ಕೆಟ್ಟು ಕೂತಿತು. ಜಪಾನಿನಲ್ಲಿ ಹಳೆಯ ಫ್ರಿಜ್ಜನ್ನು ಬೀದಿಗಿಟ್ಟು ಕೈ ತೊಳೆದುಕೊಳ್ಳುವಂತಿಲ್ಲ. 2001ರಿಂದ ಜಾರಿಯಲ್ಲಿರುವ ಕಾಯಿದೆಯಂತೆ ಮರುಬಳಕೆಯ ಶುಲ್ಕ ಕಟ್ಟಿ ಒಪ್ಪಿಸಬೇಕು. “ರೀ, ನಿಮಗೆ ಭಾಷೆ ಬರುತ್ತಲ್ಲ, ನಡೀರಿ” ಎಂದು ಮನೆಯಾಕೆ ಅಂಗಡಿಗೆ ಹೊರಡಿಸಿದರು.

ರಾಯರು ಗಂಟಲು ಸರಿಮಾಡಿಕೊಂಡು “ರೇಜೋಕೊ” ಎಂದರು. ಅಂಗಡಿಯ ಹುಡುಗ ಬಾಗಿ ನಮಸ್ಕರಿಸಿ ಹೊಸ ಫ್ರಿಜ್ಜುಗಳ ಸಾಲು ತೋರಿಸಿದ. ರಾಯರು ಇನ್ನೂ ಸ್ಪಷ್ಟವಾಗಿ, ದೀರ್ಘ ಎಳೆದು “ರೇಜೋ...ಕೊ” ಎಂದರು. ಹುಡುಗ ಇನ್ನೂ ದೊಡ್ಡ ಫ್ರಿಜ್ಜು ತೋರಿಸಿದ. ಕೊನೆಗೆ ಕ್ರಿಯಾಪದ ಬರಬೇಕಾದ ಜಾಗದಲ್ಲಿ ರಾಯರು ಬರೀ ಕೆಮ್ಮಿದರು.

ಒಂದು ಚೀಟಿಯನ್ನೂ ಓದದ ಮನೆಯಾಕೆ ಮುಂದೆ ಬಂದು, ಎರಡು ಕೈಗಳನ್ನು ಅಡ್ಡಡ್ಡ ಹಿಡಿದು, “ಉಚಿ ನೊ ರೇಜೋಕೊ, ದಮೆ!” ಎಂದರು. ನಮ್ಮನೆ ಫ್ರಿಜ್ಜು ಕೆಲಸಕ್ಕೆ ಬಾರದು ಅಂತ. ತರಕಾರಿ ಅಂಗಡಿಯ ಅಜ್ಜಿಯ ಜೊತೆ ಹರಟಿ ಕಲಿತ ಜಪಾನಿ ಅದು. ಹುಡುಗ ಥಟ್ಟನೆ ಅರ್ಜಿ ತಂದ. ಹೊಸದು ತಂದಿಳಿಸಿ ಹಳೆಯದನ್ನು ಒಯ್ಯುವ ದಿನವೂ ಗೊತ್ತಾಯಿತು.

ಆ ಡಿಸೆಂಬರಿನಲ್ಲಿ ನಡೆದ ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ರಾಯರು ಒಳ್ಳೆಯ ಅಂಕ ತೆಗೆದು ಪಾಸಾದರು. ಆಶ್ಚರ್ಯಪಡಬೇಡಿ. ಓದಿದ್ದು, ಕೇಳಿದ್ದು ಅರ್ಥವಾಯಿತೇ ಎಂದಷ್ಟೇ ನೋಡುವ ಆ ಪರೀಕ್ಷೆಯಲ್ಲಿ ಅಭ್ಯರ್ಥಿಯನ್ನು ಮಾತಾಡಿಸುವ ಪದ್ಧತಿಯೇ ಇಲ್ಲ.