ಇಲ್ಲದ ಹೋಂವರ್ಕಿನ ಕಾಟ

ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಕೂಡದು ಎಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತು. ಮಕ್ಕಳು ಅದನ್ನು ಓದಲಿಲ್ಲ. ಅವರಿಗಿನ್ನೂ ಒತ್ತಕ್ಷರ ಬಂದಿರಲಿಲ್ಲ. ಅಪ್ಪ ಅಮ್ಮಂದಿರು ಓದಿದರು, ನಂಬಲಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರಮ್ಮ ಮಾತ್ರ ಓದಿದರು, ನಂಬಿದರು, ಪಾಲಿಸುವುದಕ್ಕೂ ಹೊರಟರು. ಫಜೀತಿ ಶುರುವಾದದ್ದೇ ಅಲ್ಲಿಂದ.

ಅವರದು ನಲಿಕಲಿ ಕೊಠಡಿ. ಒಂದು, ಎರಡು, ಮೂರನೇ ಕ್ಲಾಸಿನವರೆಲ್ಲ ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟುಕುವ ಕಪ್ಪುಹಲಗೆ, ತಲೆಯ ಮೇಲೆ ಅವರೇ ಕತ್ತರಿಸಿದ ಕಾಗದದ ಹಕ್ಕಿ, ಮೀನು ತೂಗುವ ಚಪ್ಪರ. ಈ ಪದ್ಧತಿ ಹುಟ್ಟಿದ್ದೂ ಇದೇ ತಾಲ್ಲೂಕಿನಲ್ಲಿ. 1995ರಲ್ಲಿ ಇಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಮಕ್ಕಳು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಕೊಂಡು ಬಂದರು. ಯುನಿಸೆಫ್ ಬೆನ್ನಿಗೆ ನಿಂತಿತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಲಿಕೆಗೆ ಒಂದು ಏಣಿ, ಮೆಟ್ಟಿಲಿಗೊಂದು ಚಿತ್ರ, ಚಿತ್ರಕ್ಕೊಂದು ಕಾರ್ಡು. ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋದವನು ತಿಂಗಳು ಬಿಟ್ಟು ಬಂದರೂ, ಅವನು ನಿಂತಿದ್ದ ಮೆಟ್ಟಿಲು ಅವನಿಗಾಗಿ ಕಾದಿರುತ್ತದೆ.

ಮಕ್ಕಳು ಕೂರುವುದು ಐದು ಗುಂಪುಗಳಲ್ಲಿ. ಟೀಚರ್ ಪೂರ್ತಿ ನೆರವಾಗುವ ಗುಂಪಿನಿಂದ ಹಿಡಿದು, ಗೆಳೆಯರೇ ಹೇಳಿಕೊಡುವ ಗುಂಪುಗಳನ್ನು ದಾಟಿ, ಯಾರ ಹಂಗೂ ಇಲ್ಲದ ಸ್ವಕಲಿಕೆಯ ಗುಂಪಿನವರೆಗೆ. ಅತಿ ಹೆಚ್ಚು ಕಲಿಕೆ ನಡೆಯುವುದು ಈ ಕೊನೆಯ ಗುಂಪಿನಲ್ಲೇ. ಬಳಪದ ರುಚಿ ಎಂಥದು, ಮುಂದೆ ಕೂತವಳ ಜಡೆ ಎಷ್ಟು ಎಳೆದರೆ ಅಳು ಬರುತ್ತದೆ, ಒಂದು ಇರುವೆ ಕಾರ್ಡಿನ ಈ ತುದಿಯಿಂದ ಆ ತುದಿಗೆ ಹೋಗಲು ಎಷ್ಟು ಹೊತ್ತು ಬೇಕು, ಎಲ್ಲವನ್ನೂ ಅವರು ಸ್ವಂತ ಬಲದಿಂದ ಕಂಡುಕೊಂಡಿರುತ್ತಾರೆ.

“ಮಿಸ್, ಇವ್ನು ನನ್ ಬಳಪ ತಿಂದವ್ನೆ.”

“ಇಲ್ಲ ಮಿಸ್, ಅರ್ಧ ತಿಂದಿದ್ದು ಅವ್ನೇಯ.”

ನಲಿಕಲಿಯಲ್ಲಿ ಅಕ್ಷರಗಳ ಸಾಲೂ ಬೇರೆ. ಅ, ಆ, ಇ, ಈ ಎಂದು ಹೊರಡುವುದಿಲ್ಲ. ಮೊದಲ ಕಂತಿಗೆ ರ, ಗ, ಸ, ದ, ಅ. ಬರೆಯಲು ಸುಲಭ, ಐದು ಕಲಿತ ಕೂಡಲೇ ಪದ ಕಟ್ಟಲೂ ಸುಲಭ: ಸರ, ರಸ, ಅಗಸ, ಅರಸ. ಮೈಸೂರು ಜಿಲ್ಲೆಯ ಮಗು ಐದೇ ಅಕ್ಷರದಲ್ಲಿ ‘ದಸರ’ದವರೆಗೂ ಹೋಗಿ ಬರುತ್ತದೆ. ಆದರೆ ಮೊಮ್ಮಗ ಸ್ಲೇಟಿನ ಮೇಲೆ ‘ರ’ ಬರೆದದ್ದು ನೋಡಿ ಒಬ್ಬ ತಾತ ಕೋಲೂರಿಕೊಂಡು ಶಾಲೆಗೇ ಬಂದರು. “ನಮ್ ಕಾಲ್ದಾಗೆ ‘ಅ’ ಮೊದ್ಲು ಬತ್ತಿತ್ತು. ಈಗ ಅದ್ಯಾಕೆ ಐದ್ನೇದಾಯ್ತು? ಅದ್ರ ತಪ್ಪೇನು?” ಎಂದು ಕೇಳಿದರು. ಟೀಚರಮ್ಮ ಬೋಧನಶಾಸ್ತ್ರವನ್ನೆಲ್ಲ ಬಿಡಿಸಿ ಹೇಳಿದರು. ತಾತ ಪೂರ್ತಿ ಕೇಳಿಸಿಕೊಂಡು, ಮನೆಗೆ ಹೋಗಿ, ಮೊಮ್ಮಗನಿಗೆ ಅ, ಆ, ಇ, ಈ ತಿದ್ದಿಸಿದರು. ಹೀಗೆ ಯಾರೂ ಕೊಡದ ಹೋಂವರ್ಕ್ ಆ ಮನೆಯಲ್ಲಿ ತಾನಾಗಿಯೇ ಶುರುವಾಯಿತು.

ಮಕ್ಕಳ ಹೊರೆ ಇಳಿಸುವ ಮಾತಿಗೆ ಮೈಸೂರಿನದೇ ಒಂದು ನಂಟಿದೆ. ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದಾಗ, 1989ರಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಬೆನ್ನಿನ ಬ್ಯಾಗಿನ ಬಗ್ಗೆ. ಲೆಕ್ಕದಲ್ಲಿ ಬರುವ ಮಾವಿನಹಣ್ಣು ಮಾಗಿದೆಯೋ ಇಲ್ಲವೋ ಎಂದು ಅಪ್ಪನನ್ನೇ ಕೇಳುವ ಸ್ವಾಮಿ ಎಂಬ ಹುಡುಗನನ್ನು ಕಾದಂಬರಿಯಲ್ಲಿ ಸೃಷ್ಟಿಸಿದವರು ಬೇರೆ ಏನು ತಾನೇ ಮಾತಾಡಿಯಾರು? ಆಮೇಲೆ ವಿಜ್ಞಾನಿ ಯಶ್‌ಪಾಲ್ ಅವರ ಸಮಿತಿ ಬಂತು. 1993ರ ಅದರ ವರದಿ, ಪ್ರಾಥಮಿಕ ತರಗತಿಗಳಲ್ಲಿ ಮನೆಯ ಸುತ್ತಮುತ್ತ ಹುಡುಕಿ ನೋಡುವ ಕೆಲಸ ಬಿಟ್ಟರೆ ಬೇರೆ ಹೋಂವರ್ಕ್ ಬೇಡ ಎಂದಿತು. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿ, ಎರಡನೇ ತರಗತಿಯವರೆಗೆ ಏನೂ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಎಂದು ಗಡಿ ಹಾಕಿತು.

ಅದೇ ನೀತಿಯಲ್ಲಿ ಒಂದು ಮುದ್ದಾದ ಸಲಹೆಯೂ ಇದೆ. ಚಿಕ್ಕ ಮಕ್ಕಳಿಗೆ ಹೋಂವರ್ಕಿನ ಬದಲು, ನಿನ್ನೆ ಸಂಜೆ ಮನೆಯಲ್ಲಿ ಹೇಗೆ ಕಳೆದಿರಿ, ಏನು ಆಡಿದಿರಿ, ಏನು ಊಟ ಮಾಡಿದಿರಿ ಎಂದು ಕ್ಲಾಸಿನಲ್ಲಿ ಹೇಳಲು ಹುರಿದುಂಬಿಸಬೇಕಂತೆ. ಟೀಚರಮ್ಮ ಹುರಿದುಂಬಿಸಿದರು. ಮೊದಲನೆಯವಳು ಮುದ್ದೆ, ಉಪ್ಸಾರು ಎಂದಳು. ಎರಡನೆಯವನು ಕುಂಟೆಬಿಲ್ಲೆ ಎಂದ. ಮೂರನೆಯವನು ಎದ್ದು ನಿಂತು, ಅಪ್ಪ ಚೀಟಿ ದುಡ್ಡನ್ನು ಎಲ್ಲಿ ಬಚ್ಚಿಟ್ಟಿದ್ದಾನೆ, ಅಮ್ಮನಿಗೆ ಅದು ಹೇಗೆ ಗೊತ್ತಾಯಿತು, ಆಮೇಲೆ ಯಾವ ಪಾತ್ರೆ ಯಾವ ಕಡೆಗೆ ಹಾರಿತು ಎಂಬುದನ್ನು ಸಾಭಿನಯ ವಿವರಿಸಿದ. ಸ್ವಕಲಿಕೆಯ ಗುಂಪೂ ಇರುವೆಯನ್ನು ಬಿಟ್ಟು ಕಿವಿ ನೆಟ್ಟಗೆ ಮಾಡಿತು. ಸಂಜೆಯೊಳಗೆ ಸುದ್ದಿ ಊರೆಲ್ಲ ಸುತ್ತಿ ಅದೇ ಮನೆಯ ಬಾಗಿಲಿಗೆ ಬಂತು. ಮಾರನೆಯ ದಿನ ಆ ಅಪ್ಪ ಶಾಲೆಯ ಗೇಟಿನ ಹತ್ತಿರ ಕೈಮುಗಿದು ನಿಂತಿದ್ದ: “ಮಿಸ್, ನಮ್ ಹೈದಂಗೆ ಎಷ್ಟಾದ್ರೂ ಬರಿಯಕ್ ಕೊಡಿ. ಮಾತ್ ಮಾತ್ರ ಆಡುಸ್ಬೇಡಿ.”

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲೂ ಅದೇ ಒತ್ತಾಯ. ಪಕ್ಕದ ಊರಿಗೆ ವ್ಯಾನಿನಲ್ಲಿ ಹೋಗುವ ಕಾನ್ವೆಂಟಿನ ಮಕ್ಕಳು ರಾತ್ರಿ ಹತ್ತರವರೆಗೂ ಬರೆಯುತ್ತವೆ, ನಮ್ಮವು ಬ್ಯಾಗು ಮೂಲೆಗೆಸೆದರೆ ಬೆಳಗಾದ ಮೇಲೇ ಮುಟ್ಟುವುದು ಎಂದು ತಾಯಂದಿರು ದೂರಿದರು. ಟೀಚರಮ್ಮ ಯಶ್‌ಪಾಲ್ ವರದಿಯ ಜಾಡು ಹಿಡಿದು ಒಂದು ಮಧ್ಯದ ದಾರಿ ಹುಡುಕಿದರು. ಬರೆಯುವುದು ಬೇಡ, ಕಲಿತ ಅಕ್ಷರದಿಂದ ಶುರುವಾಗುವ ಒಂದು ವಸ್ತುವನ್ನು ಮನೆಯಿಂದ ತಂದು ತೋರಿಸಿದರೆ ಸಾಕು. ‘ರ’ ದಿನ ಒಬ್ಬಳು ಅಕ್ಕನ ರವಿಕೆ ತಂದಳು, ಇನ್ನೊಬ್ಬ ಡಬ್ಬಿ ಸಮೇತ ರವೆ ತಂದ. ‘ಗ’ ದಿನ ಗೋಡೆಯಿಂದ ಬಿಚ್ಚಿದ ಗಡಿಯಾರ ಬಂತು. ‘ಸ’ ದಿನ ಒಬ್ಬ ಜಾಣ ಚಡ್ಡಿ ಜೇಬಿನಿಂದ ಅವ್ವನ ಚಿನ್ನದ ಸರ ತೆಗೆದು ಕಾರ್ಡಿನ ಪಕ್ಕ ಇಟ್ಟ. ಹಾಜರಿ ಕರೆದು ಮುಗಿಯುವ ಮೊದಲೇ ಅವನ ಅವ್ವ, ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು ಕೊಠಡಿಯಲ್ಲಿದ್ದರು. ‘ದ’ ದಿನ ದನ ಬಂದೀತೆಂದು ಹೆದರಿ ಟೀಚರಮ್ಮ ಆ ಪ್ರಯೋಗವನ್ನು ‘ಸ’ಕ್ಕೇ ನಿಲ್ಲಿಸಿದರು.

ದಿನವೂ ಇಂಥ ಗದ್ದಲ ಮುಗಿಯುವಷ್ಟರಲ್ಲಿ ಹಾಲಿನ ಹೊತ್ತಾಗಿರುತ್ತದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಲೆಕ್ಕದಲ್ಲಿ ಮಗುವಿಗೆ 150 ಮಿಲೀ. ಹಾಲಿಗೊಂದು ಪುಸ್ತಕ, ಅಕ್ಕಿ ಬೇಳೆಗೊಂದು ಪುಸ್ತಕ, ಮೊಟ್ಟೆಗೊಂದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇರುವುದರಿಂದ ಅದಕ್ಕೂ ಒಂದು ಕಾಲಂ. ಬೆಳಿಗ್ಗೆ ಮೊಟ್ಟೆ ಎಂದವನು ಮಧ್ಯಾಹ್ನ ಪಕ್ಕದವನ ಬಾಳೆಹಣ್ಣು ನೋಡಿ ಸಸ್ಯಾಹಾರಿಯಾಗುವುದುಂಟು. ಆಗ ಇಡೀ ಪುಟದ ಮೊತ್ತ ತಿದ್ದಬೇಕು. ಮಕ್ಕಳು ನಾಲ್ಕೂವರೆಗೆ ಖಾಲಿ ಚೀಲ ಬೀಸುತ್ತ ಓಡಿದರೆ, ಟೀಚರಮ್ಮನ ಚೀಲದಲ್ಲಿ ಈ ಪುಸ್ತಕಗಳೆಲ್ಲ ತುಂಬಿರುತ್ತವೆ. ಒಂದು ಮತ್ತು ಎರಡನೇ ತರಗತಿಯ ಬ್ಯಾಗು ಎರಡು ಕಿಲೋ ಮೀರಬಾರದು ಎಂದಿರುವ 2019ರ ಆದೇಶದಲ್ಲಿ ಟೀಚರ ಬ್ಯಾಗಿಗೆ ಅಂಥ ಮಿತಿಯೇನೂ ಇಲ್ಲ.

ಮನೆಗೆ ಹೋಗುವ ಬಸ್ಸಿನಲ್ಲೇ, ಮಕ್ಕಳ ವಿವರ ತುಂಬುವ ಸರ್ಕಾರಿ ಜಾಲತಾಣ ಸ್ಯಾಟ್ಸ್‌ನಲ್ಲಿ ಯಾವ ಮಗುವಿನ ವಿವರ ಬಾಕಿ ಎಂದು ಶಾಲೆಗಳ ಉಸ್ತುವಾರಿಯ ಸಿಆರ್‌ಪಿ ಕಳಿಸಿದ ಮೆಸೇಜು ಬಂದಿರುತ್ತದೆ. ಮನೆ ಮುಟ್ಟಿದರೆ, ಖಾಸಗಿ ಶಾಲೆಯ ಎರಡನೇ ಕ್ಲಾಸಿನಲ್ಲಿರುವ ಅವರದೇ ಮಗಳು ಡೈರಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಒಂದು ಸಂಜೆ ಡೈರಿಯಲ್ಲಿತ್ತು: ನಾಳೆಗೆ ಜ್ವಾಲಾಮುಖಿಯ ಮಾಡೆಲ್ ಬೇಕು. ಥರ್ಮೋಕೋಲು, ಫೆವಿಕಾಲು, ಕೆಂಪು ಬಣ್ಣ. ಸ್ಟೇಷನರಿ ಅಂಗಡಿಯವನು ಇವರನ್ನು ಕಂಡೊಡನೆ ಕೇಳದೆಯೇ ಸಾಮಾನು ತೆಗೆದಿಟ್ಟ. ಆ ಸಂಜೆ ಅವನು ಅಷ್ಟರಲ್ಲಾಗಲೇ ಊರಿನ ಅರ್ಧ ಜ್ವಾಲಾಮುಖಿಗಳನ್ನು ಮಾರಿದ್ದ. ಮಗಳು ಒಂಬತ್ತಕ್ಕೆ ಮಲಗಿದಳು. ಟೀಚರಮ್ಮ ಹನ್ನೆರಡರವರೆಗೆ ಬೆಟ್ಟ ಕೊರೆದು ಲಾವಾ ಹರಿಸಿದರು. ಪಕ್ಕದಲ್ಲಿ ಯಜಮಾನರು ಹಾಲಿನ ಪುಸ್ತಕದ ಮೊತ್ತ ಕೂಡುತ್ತಿದ್ದರು.

ಆ ಮಾಡೆಲ್ಲಿಗೆ ಬಿ ಪ್ಲಸ್ ಬಂತು. ‘ಇನ್ನಷ್ಟು ಗಮನವಿಟ್ಟು ಮಾಡಬೇಕು’ ಎಂಬ ಷರಾದ ಕೆಳಗೆ ಪೋಷಕರ ಸಹಿಗೆ ಜಾಗ ಬಿಟ್ಟಿತ್ತು. ಟೀಚರಮ್ಮ ಮೂರು ದಿನ ಸಹಿ ಹಾಕಲಿಲ್ಲ.